ಲೈವ್ ಶೋಗೆ ಹೊರಟಿದ್ದೀರಾ? ಯಾವ ಇಯರ್‌ಪ್ಲಗ್ ಕೊಳ್ಳಬೇಕು, ಹೇಗೆ ಹಾಕಿಕೊಳ್ಳಬೇಕು

ಶೋ ಮುಗಿಸಿ ಮನೆಗೆ ಬಂದು ದಿಂಬಿಗೆ ತಲೆ ಕೊಟ್ಟಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಹೇಗೂ ಬೆಳಿಗ್ಗೆಗೆ ಹೋಗುತ್ತದಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಳಕಿವಿಗೆ ಪೆಟ್ಟಾಗಿದೆ ಎಂಬುದಕ್ಕೆ ಅದೇ ಗುರುತು.

ಒಳಕಿವಿಯ ಕಾಕ್ಲಿಯಾ ಎಂಬ ಭಾಗದಲ್ಲಿ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಸದ್ದನ್ನು ಹಿಡಿದು ನರಕ್ಕೆ ದಾಟಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಂಯ್ ನಿಂತ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳುವುದೂ ಕಷ್ಟ. ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಎಂಬ ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ತೋರಿಸಿತು. ಇಲಿಗಳಿಗೆ 2 ತಾಸು 100 ಡೆಸಿಬೆಲ್ (ಸದ್ದಿನ ಜೋರು ಅಳೆಯುವ ಮಾನ) ಸದ್ದು ಕೇಳಿಸಿದರು. ಕೆಲವು ದಿನಗಳಲ್ಲಿ ಕೇಳುವ ಶಕ್ತಿ ಮೊದಲಿನಂತಾಯಿತು. ಕೂದಲು ಕೋಶಗಳೂ ಉಳಿದಿದ್ದವು. ಆದರೆ ಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ದೊಡ್ಡ ಪ್ರಮಾಣದಲ್ಲಿ ಹಾಳಾಗಿದ್ದವು.

ಹಾಗಾದರೆ ಪ್ಲಗ್ ಹಾಕಿಕೊಂಡರೆ ಆಯ್ತು, ಅಲ್ವಾ? ಆಯ್ತು, ಆದರೆ ಎಂಥದ್ದು ಎಂಬುದು ಮುಖ್ಯ. ನಾನು ನೋಡಿದ ಮಟ್ಟಿಗೆ ಬಹಳ ಜನ ಪ್ಯಾಕೆಟ್ ಮೇಲೆ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಬರೆದ ಅಂಕಿಗಳಲ್ಲಿ ದೊಡ್ಡದನ್ನು ನೋಡಿ ಕೊಳ್ಳುತ್ತಾರೆ. ಶೋನಲ್ಲಿ ಹಾಡು ಮಂಕಾಗಿ ಕೇಳಿಸುತ್ತದೆ. ಎರಡನೇ ಹಾಡಿಗೇ ಕಿತ್ತು ಜೇಬಿಗೆ ಹಾಕುತ್ತಾರೆ. ಜೇಬಿನಲ್ಲಿರುವ ಪ್ಲಗ್ಗಿಂದ ಕಿವಿಗೆ ಏನೂ ಉಪಯೋಗವಿಲ್ಲ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕಿವಿಯಲ್ಲೇ ಇಟ್ಟುಕೊಳ್ಳಲು ನಿಮಗೆ ಮನಸ್ಸಾಗುವ ಪ್ಲಗ್ಗೇ ನಿಮಗೆ ಸರಿಯಾದದ್ದು. ಕೆಳಗಿನ ಹಂತಗಳನ್ನೆಲ್ಲ ಈ ಲೆಕ್ಕದಲ್ಲೇ ಬರೆದಿದ್ದೇನೆ.

ಹಂತ 1: ಎಷ್ಟು ಜೋರು ಎಂದು ಅಂದಾಜು ಮಾಡಿ

ಡೆಸಿಬೆಲ್ ಲೆಕ್ಕ ನಾವು ದಿನಾ ಮಾಡುವ ಲೆಕ್ಕದ ಹಾಗಲ್ಲ. 3 ಡೆಸಿಬೆಲ್ ಜಾಸ್ತಿಯಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಿಯೋಶ್ ಸಂಸ್ಥೆ ಇದರ ಮೇಲೆಯೇ ಮಿತಿ ಹಾಕಿದೆ. 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ತಾಸು. 88ಕ್ಕೆ 4 ತಾಸು. 91ಕ್ಕೆ 2 ತಾಸು, 94ಕ್ಕೆ 1 ತಾಸು. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. 103ಕ್ಕೆ ಏಳೂವರೆ ನಿಮಿಷ.

ದೊಡ್ಡ ವೇದಿಕೆಯ ಶೋಗಳಲ್ಲಿ 100 ಡೆಸಿಬೆಲ್ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗಾಗಿ ಒಂದು ಮಾನದಂಡ ಹೊರತಂದಿತು. ಯಾವುದೇ 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಪ್ರೇಕ್ಷಕರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡಲು ಸದ್ದಿಲ್ಲದ ಒಂದು ಜಾಗ ಇರಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಇದನ್ನೆಲ್ಲ ಒದಗಿಸುವ ಆಯೋಜಕರನ್ನು ಕಾದು ಕೂರುವುದು ಬೇಡ. ನಮ್ಮ ಪ್ಲಗ್ ನಾವೇ ಒಯ್ಯೋಣ.

ಅಳೆಯಲು ಫೋನ್ ಸಾಕು. ಐಫೋನ್ ಇದ್ದವರಿಗೆ ನಿಯೋಶ್ ಸೌಂಡ್ ಲೆವೆಲ್ ಮೀಟರ್ ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ, ನಂಬಬಹುದು. ಆಂಡ್ರಾಯ್ಡ್‌ನಲ್ಲೂ ಇಂಥ ಆ್ಯಪ್‌ಗಳಿವೆ. ಆದರೆ ಮೈಕ್ ಫೋನಿನಿಂದ ಫೋನಿಗೆ ಬೇರೆ ಇರುವುದರಿಂದ ಅಂಕಿ ಆಚೆ ಈಚೆ ಆಗುತ್ತದೆ. ಸುಮಾರು ಎಂದು ಇಟ್ಟುಕೊಳ್ಳಿ. ಫೋನೇ ಬೇಡ ಎಂದರೆ ಇನ್ನೊಂದು ದಾರಿ ಇದೆ. ಒಂದು ತೋಳಿನಷ್ಟು ದೂರ ನಿಂತವರ ಜೊತೆ ಮಾತಾಡಲು ನೀವು ಕೂಗಬೇಕಾಗಿ ಬಂದರೆ ಅಲ್ಲಿ 85 ದಾಟಿದೆ ಎಂದು ತಿಳಿಯಿರಿ. ಕೂಗಿದರೂ ಕೇಳಿಸದಿದ್ದರೆ ಇನ್ನೂ ಎಷ್ಟೋ ಮೇಲಿದೆ.

ಈಗ ಲೆಕ್ಕ ಹಾಕೋಣ. 103 ಡೆಸಿಬೆಲ್ ಇರುವ ಕಡೆ 3 ತಾಸು ನಿಲ್ಲಬೇಕು. ಅಷ್ಟು ಹೊತ್ತಿಗೆ ಕಿವಿಗೆ 88ರ ಹತ್ತಿರ ಬಿದ್ದರೆ ಪರವಾಗಿಲ್ಲ. ಅಂದರೆ ನಿಮಗೆ ಬೇಕಾಗಿರುವುದು ನಿಜವಾಗಿ 15 ಡೆಸಿಬೆಲ್ ಕಡಿಮೆ ಮಾಡುವ ಪ್ಲಗ್. ಇಷ್ಟೇ ಸಾಕು. 30, 35 ಎಂದು ಹುಡುಕಬೇಕಾಗಿಲ್ಲ.

ಹಂತ 2: ಪ್ಲಗ್‌ಗೆ ಮೊದಲು ನಿಲ್ಲುವ ಜಾಗ ಆರಿಸಿ

ಬಯಲಿನಲ್ಲಿ ಒಂದು ಸ್ಪೀಕರಿನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ದೊಡ್ಡ ಶೋಗಳಲ್ಲಿ ಸ್ಪೀಕರುಗಳನ್ನು ಸಾಲಾಗಿ ಮೇಲಿನಿಂದ ತೂಗುಹಾಕಿರುತ್ತಾರೆ. ಅಲ್ಲಿ ಇಷ್ಟು ಬೇಗ ಇಳಿಯುವುದಿಲ್ಲ. ಆದರೂ ಇಳಿಯುತ್ತದೆ. 6 ಡೆಸಿಬೆಲ್ ಇಳಿದರೆ ಸುರಕ್ಷಿತವಾಗಿ ಕೇಳುವ ಸಮಯ ನಾಲ್ಕು ಪಟ್ಟಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿಯಲು ದುಡ್ಡು ಕೊಡಬೇಕಾಗಿಲ್ಲ.

ಬಾಸ್ ಕೊಡುವ ಸಬ್‌ವೂಫರುಗಳನ್ನು ಹೆಚ್ಚಾಗಿ ವೇದಿಕೆಯ ಮುಂದೆ ನೆಲದ ಮೇಲೇ ಜೋಡಿಸಿರುತ್ತಾರೆ. ಬ್ಯಾರಿಕೇಡಿಗೆ ಒರಗಿ ನಿಂತವರಿಗೆ ಎದೆ ನಡುಗುವುದು ಅದರಿಂದಲೇ. ಅಲ್ಲೇ ನಿಲ್ಲುವ ಆಸೆ ಇದ್ದರೆ ನಿಲ್ಲಿ. ಆದರೆ ಪ್ಲಗ್ ಜಾಸ್ತಿ ತಡೆಯುವಂಥದ್ದಿರಲಿ. ಸದ್ದು ಸರಿಯಾಗಿ ಕೇಳಬೇಕು ಎನ್ನುವವರಿಗೆ ನನ್ನ ಸಲಹೆ ಬೇರೆ. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರೆ, ನೋಡಿ. ಅವರು ಆ ಜಾಗದಲ್ಲಿ ಕೇಳಿಕೊಂಡೇ ಎಲ್ಲವನ್ನೂ ಹೊಂದಿಸುವುದು. ಅದರ ಹತ್ತಿರ ನಿಂತರೆ ಹಾಡು, ಗಿಟಾರ್, ಡ್ರಮ್ಸ್ ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಮುಂದಿನ ಸಾಲಿಗಿಂತ ಜೋರೂ ಕಡಿಮೆ.

ಪಬ್‌ಗಳಂಥ ಸಣ್ಣ ಹಾಲ್‌ಗಳಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಎಲ್ಲಿ ಕೂತರೂ ಹೆಚ್ಚುಕಡಿಮೆ ಅಷ್ಟೇ ಜೋರು. ಅಲ್ಲಿ ಪ್ಲಗ್ ಬೇಕೇ ಬೇಕು.

ಎಲ್ಲ ಸಂಗೀತಕ್ಕೂ ಪ್ಲಗ್ ಬೇಕು ಎಂದೂ ನಾನು ಹೇಳುವುದಿಲ್ಲ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಂಥ ಕಡೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ಚೆಂಡೆ, ಡೊಳ್ಳು, ತಮಟೆಯ ಪಕ್ಕದಲ್ಲೇ ನಿಲ್ಲುವವರ ಮಾತು ಬೇರೆ. ಮೈಕ್ ಇಲ್ಲದೆಯೂ ಅವು ಕಿವಿಗೆ ಅಪಾಯವಾಗುವಷ್ಟು ಜೋರಾಗಿರುತ್ತವೆ.

ಹಂತ 3: ಪ್ಲಗ್ ಆರಿಸಿ

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಫೋಮ್ ಪ್ಲಗ್. ಕೈಯಲ್ಲಿ ಒತ್ತಿದರೆ ಸಣ್ಣಗಾಗಿ, ಬಿಟ್ಟರೆ ಮೆಲ್ಲಗೆ ಮತ್ತೆ ಉಬ್ಬುವ ಸ್ಪಂಜು. ಕೈಗವಸು, ಸೇಫ್ಟಿ ಶೂ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡ ಮೆಡಿಕಲ್ ಶಾಪ್‌ಗಳಲ್ಲೂ ಇರುತ್ತದೆ. ಒಂದು ಜೊತೆಗೆ ಹತ್ತಿಪ್ಪತ್ತು ರೂಪಾಯಿ ಆಸುಪಾಸು. ಕಿತ್ತಳೆ ಬಣ್ಣದ 3ಎಂ 1100 ಎಂಬುದು ಎಲ್ಲ ಕಡೆ ಸಿಗುವ ಮಾಲು. ಅದೇ ದಾರ ಕಟ್ಟಿದ್ದು 1110. ಶೋಗೆ ದಾರ ಇರುವುದೇ ಒಳ್ಳೆಯದು. ನೂಕುನುಗ್ಗಲಲ್ಲಿ ಒಂದು ಜಾರಿದರೆ ಕತ್ತಲೆಯಲ್ಲಿ ಹುಡುಕಬೇಕಾಗುವುದಿಲ್ಲ.

ಫೋಮ್ ಚೆನ್ನಾಗಿ ಕಾಪಾಡುತ್ತದೆ. ತೊಂದರೆ ಇರುವುದು ಸದ್ದಿನ ಬಣ್ಣದಲ್ಲಿ. ಅದು ಬಾಸನ್ನು ತಡೆಯುವುದಕ್ಕಿಂತ ಜಾಸ್ತಿ ತೀಕ್ಷ್ಣ ಸದ್ದುಗಳನ್ನು ತಡೆಯುತ್ತದೆ. ಇನ್ನೂ ಒಂದು ವಿಷಯವಿದೆ. ತೆರೆದ ಕಿವಿಯ ಕೊಳವೆ 2,500ರಿಂದ 3,000 ಹರ್ಟ್ಸ್ (ಸ್ವರದ ಎತ್ತರ ಅಳೆಯುವ ಮಾನ) ಸುತ್ತಮುತ್ತಲಿನ ಸದ್ದನ್ನು ತಾನೇ ಎತ್ತಿ ಒಳಗೆ ಕಳಿಸುತ್ತದೆ. ಕೊಳವೆ ಮುಚ್ಚಿದರೆ ಅದೂ ನಿಂತುಹೋಗುತ್ತದೆ. ಹೀಗೆ ಎರಡೂ ಸೇರಿ, ತಾಳದ ಝಣಕು ಹೋಗುತ್ತದೆ. ಹಾಡಿನಲ್ಲಿ ಸ, ಶ, ತ ಅಕ್ಷರಗಳು ಮಸುಕಾಗುತ್ತವೆ. ಸಾಹಿತ್ಯ ಅರ್ಥವಾಗದೆ ಬಾಸ್ ಒಂದೇ ದುಮುದುಮು ಅನ್ನುತ್ತದೆ. ಜನ ಪ್ಲಗ್ ಕಿತ್ತೆಸೆಯುವುದು ಇದಕ್ಕೇ.

ಎರಡನೆಯದು ಮ್ಯೂಸಿಕ್ ಪ್ಲಗ್. ಸಿಲಿಕೋನಿನ ಮೆತ್ತನೆಯ ತುದಿ, ಒಳಗೆ ಒಂದು ಸಣ್ಣ ಫಿಲ್ಟರ್. ತಗ್ಗು ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲವನ್ನೂ ಆದಷ್ಟು ಒಂದೇ ಸಮನಾಗಿ ತಗ್ಗಿಸುವುದು ಇದರ ಉದ್ದೇಶ. ವಾಲ್ಯೂಮ್ ಕಡಿಮೆ ಮಾಡಿದ ಅನುಭವವಾಗುತ್ತದೆ, ಹಾಡು ಹಾಡಿನ ಹಾಗೇ ಕೇಳುತ್ತದೆ. ಎಟಿಮೋಟಿಕ್, ಆಲ್ಪೈನ್, ಲೂಪ್, ಇಯರ್‌ಗ್ಯಾಸಂ ಈ ಬಗೆಯ ಹೆಸರಾಂತ ಕಂಪನಿಗಳು. ಆನ್‌ಲೈನ್‌ನಲ್ಲಿ ಸಿಗುತ್ತವೆ, ಸಾವಿರಗಳಲ್ಲಿ ಬೆಲೆ. ತೊಳೆದು ವರ್ಷಗಟ್ಟಲೆ ಬಳಸಬಹುದು. ವರ್ಷಕ್ಕೆ ಮೂರ್ನಾಲ್ಕು ಶೋಗೆ ಹೋಗುವವರು ಇದನ್ನೇ ಕೊಳ್ಳಿ ಎನ್ನುತ್ತೇನೆ. ಫೋಮ್‌ಗಿಂತ ಜಾಸ್ತಿ ತಡೆಯುತ್ತದೆ ಎಂದಲ್ಲ, ನಿಜಕ್ಕೂ ಕಡಿಮೆಯೇ. ಆದರೆ ಕೊನೆಯವರೆಗೆ ಕಿವಿಯಲ್ಲಿ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಇದೇ ಕಂಪನಿಗಳು ನಿದ್ದೆಗೆ, ಓದಿಗೆ, ಗಲಾಟೆ ಸಹಿಸದವರಿಗೆ ಎಂದು ಬೇರೆ ಬೇರೆ ಪ್ಲಗ್ ಮಾಡುತ್ತವೆ. ನೋಡಲು ಒಂದೇ ತರ. ಪ್ಯಾಕೆಟ್ ಮೇಲೆ ಸಂಗೀತಕ್ಕೆ ಎಂದು ಇದೆಯೇ, ತಡೆಯುವ ಅಂಕಿ ಇದೆಯೇ ಎಂದು ನೋಡಿ. ಅಂಕಿಯೇ ಇಲ್ಲದ, ಹೆಸರಿಲ್ಲದ ಅಗ್ಗದ ನಕಲುಗಳನ್ನು ಮುಟ್ಟಬೇಡಿ.

ಮೂರನೆಯದು ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿಸುವ ಪ್ಲಗ್. ಡ್ರಮ್ಸ್ ಬಾರಿಸುವವರು, ಆರ್ಕೆಸ್ಟ್ರಾದವರು, ಸೌಂಡ್ ಕೆಲಸದವರು, ಡಿಜೆಗಳು ಇದರ ಬಗ್ಗೆ ಯೋಚಿಸಬೇಕು. ಅಚ್ಚು ತೆಗೆಯುವವರು ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿಯನ್ನು ಪರೀಕ್ಷಿಸುವ ತಜ್ಞರು. ಮೊದಲು ಕಿವಿಯೊಳಗೆ ದೀಪ ಬಿಟ್ಟು ನೋಡುತ್ತಾರೆ. ಗುಗ್ಗೆ ಇದ್ದರೆ ತೆಗೆಸಿಕೊಂಡು ಬನ್ನಿ ಎನ್ನುತ್ತಾರೆ. ಆಮೇಲೆ ದಾರ ಕಟ್ಟಿದ ಸಣ್ಣ ಹತ್ತಿ ತುಂಡನ್ನು ಒಳಗೆ ಕೂರಿಸುತ್ತಾರೆ, ಹಾಕುವ ಮುದ್ದೆ ಕಿವಿ ತಮಟೆಯ ತನಕ ಹೋಗಬಾರದು ಎಂದು. ಸಿರಿಂಜಿನಿಂದ ತಣ್ಣಗಿನ ಸಿಲಿಕೋನ್ ಮುದ್ದೆ ತುಂಬುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ, ಹೊರಗೆ ಎಳೆದರೆ ನಿಮ್ಮ ಕಿವಿಯ ಒಳಗಿನ ಆಕಾರ ಕೈಗೆ ಬರುತ್ತದೆ. ಹಾಡುಗಾರರು, ಊದುವ ವಾದ್ಯದವರು ಬಾಯಿ ತೆರೆದಿಟ್ಟುಕೊಂಡೇ ಅಚ್ಚು ತೆಗೆಸಬೇಕು. ದವಡೆ ಆಡಿದಾಗ ಕಿವಿಯ ಕೊಳವೆಯ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿ ತೆಗೆಸಿದ ಅಚ್ಚು ಹಾಡುವಾಗ ಸಡಿಲವಾಗುತ್ತದೆ. ಆಡಿಯಾಲಜಿಸ್ಟ್ ಮರೆತರೆ ನೀವೇ ಹೇಳಿ.

ಈ ಅಚ್ಚಿನ ಪ್ಲಗ್‌ಗೆ 9, 15, 25 ಡೆಸಿಬೆಲ್‌ನ ಫಿಲ್ಟರುಗಳನ್ನು ಬದಲಾಯಿಸಿ ಹಾಕಬಹುದು. ಎಲ್ಲ ಸ್ವರಗಳನ್ನು ಸಮನಾಗಿ ತಗ್ಗಿಸುವ ಇಂಥ ಮೊದಲ ಫಿಲ್ಟರ್, ಇಆರ್-15, 1988ರಲ್ಲಿ ಎಟಿಮೋಟಿಕ್‌ನಿಂದಲೇ ಬಂದದ್ದು. ಡ್ರಮ್ಮರ್‌ಗೆ 25, ಮಿಕ್ಕವರಿಗೆ ಸಾಮಾನ್ಯವಾಗಿ 15 ಸಾಕು.

ಹತ್ತಿ, ಟಿಶ್ಯೂ ಪೇಪರ್, ಬೆರಳು? ಹತ್ತಿ ತಡೆಯುವುದು ಕೆಲವೇ ಡೆಸಿಬೆಲ್. ಹಾಕಿಕೊಂಡಿದ್ದೇನೆ ಎಂಬ ಧೈರ್ಯ ಕೊಟ್ಟು ಸ್ಪೀಕರ್ ಹತ್ತಿರ ನಿಲ್ಲಿಸುತ್ತದೆ, ಅದೇ ಅದರ ಅಪಾಯ. ಹಾಡು ಕೇಳುವ ಇಯರ್‌ಬಡ್‌ಗಳನ್ನು ಆಫ್ ಮಾಡಿ ತುರುಕಿಕೊಳ್ಳುವುದೂ ಬೇಡ. ಎಷ್ಟು ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಬರೆದಿರುವುದನ್ನಷ್ಟೇ ನಂಬಿ.

ಹಂತ 4: ಪ್ಯಾಕೆಟ್ ಮೇಲಿನ ಅಂಕಿ ಓದುವುದು

ಪ್ಲಗ್ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಹೇಳುವ ಎರಡು ಅಂಕಿಗಳು ಕಾಣಬಹುದು. ಎನ್‌ಆರ್‌ಆರ್ ಅಮೆರಿಕದ ಲೆಕ್ಕ, ಎಸ್‌ಎನ್‌ಆರ್ ಯುರೋಪಿನದು. ಎರಡೂ ಪ್ರಯೋಗಾಲಯದಲ್ಲಿ ಅಳೆದದ್ದೇ. ಆದರೆ ಎನ್‌ಆರ್‌ಆರ್ ಲೆಕ್ಕ ಹೆಚ್ಚು ಬಿಗಿ. ಮೇಲೆ ಹೇಳಿದ 3ಎಂ 1100 ಪ್ಲಗ್ಗನ್ನೇ ನೋಡಿ. ಎನ್‌ಆರ್‌ಆರ್ 29, ಎಸ್‌ಎನ್‌ಆರ್ 37. ಪ್ಲಗ್ ಒಂದೇ. ಹಾಗಾಗಿ ಒಂದರ ಎನ್‌ಆರ್‌ಆರ್ ಪಕ್ಕ ಇನ್ನೊಂದರ ಎಸ್‌ಎನ್‌ಆರ್ ಇಟ್ಟು ಹೋಲಿಸಬೇಡಿ.

ನಿಜ ಜೀವನದಲ್ಲಿ ಹೆಚ್ಚಿನವರಿಗೆ ಪ್ಲಗ್ ಅಂಕಿಯಷ್ಟು ತಡೆಯುವುದಿಲ್ಲ. ಅಮೆರಿಕದ ಕಾರ್ಖಾನೆಗಳಲ್ಲಿ ಒಂದು ಸೂತ್ರ ಬಳಸುತ್ತಾರೆ. ಎನ್‌ಆರ್‌ಆರ್‌ನಿಂದ 7 ಕಳೆಯಿರಿ, ಉಳಿದದ್ದನ್ನು ಅರ್ಧ ಮಾಡಿ. 29ರ ಫೋಮ್‌ಗೆ ಈ ಲೆಕ್ಕದಲ್ಲಿ ಉಳಿಯುವುದು 11. ಎಟಿಮೋಟಿಕ್‌ನ ಇಆರ್20ಎಕ್ಸ್‌ಎಸ್ ಎಂಬ ಮ್ಯೂಸಿಕ್ ಪ್ಲಗ್‌ನ ಎನ್‌ಆರ್‌ಆರ್ 13. ಅದಕ್ಕೆ ಉಳಿಯುವುದು ಬರೀ 3. ಇದೇನು, ದುಡ್ಡು ದಂಡ ಅನ್ನಿಸುತ್ತದೆ, ಅಲ್ವಾ? ಅಲ್ಲ. ಈ ಸೂತ್ರ ಅರೆಬರೆ ಹಾಕಿಕೊಂಡ ಪ್ಲಗ್‌ಗಳನ್ನೂ ಸೇರಿಸಿ ಮಾಡಿದ್ದು. ಸರಿಯಾಗಿ ಕೂತರೆ ಅದೇ ಪ್ಲಗ್ 13 ತಡೆಯುತ್ತದೆ. 103ರ ಸದ್ದು 90ಕ್ಕೆ ಇಳಿಯುತ್ತದೆ. ಏಳೂವರೆ ನಿಮಿಷದ ಜಾಗದಲ್ಲಿ ಎರಡೂವರೆ ತಾಸು ಸಿಗುತ್ತದೆ. ಫೋಮ್ ಸರಿಯಾಗಿ ಕೂತರೆ 20ಕ್ಕಿಂತ ಮೇಲೇ ಸಿಗುತ್ತದೆ. ವ್ಯತ್ಯಾಸ ಮಾಡುವುದು ಹಾಕುವ ಕೈ.

ಹಿಂದೆ ಕೂತು ಕೇಳುವವರಿಗೆ ಎನ್‌ಆರ್‌ಆರ್ 12ರಿಂದ 16ರ ಮ್ಯೂಸಿಕ್ ಪ್ಲಗ್ ಸಾಕು. ಮುಂದಿನ ಸಾಲಿನವರು ಅದಕ್ಕಿಂತ ಜಾಸ್ತಿಯದ್ದು ಕೊಳ್ಳಿ ಅಥವಾ ಫೋಮ್ ಹಾಕಿ. ಗಣೇಶನ ಮೆರವಣಿಗೆಯ ಡಿಜೆ ಹತ್ತಿರ ಹೋಗಲೇಬೇಕಾದವರಿಗೆ ನನ್ನ ಉತ್ತರ ಫೋಮ್ ಒಂದೇ. ಅಲ್ಲಿ ಸಂಗೀತದ ಗುಣಮಟ್ಟದ ಯೋಚನೆ ಬೇಡ.

ಫೋಮ್ ಹಾಕಿ ಮೇಲೆ ಇಯರ್‌ಮಫ್ (ಹೆಡ್‌ಫೋನಿನಂತೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಸಾಧನ) ಕೂಡ ಹಾಕಿದರೆ ಎರಡರ ಅಂಕಿ ಕೂಡುವುದಿಲ್ಲ. ಜಾಸ್ತಿ ಸಿಗುವುದು 5 ಡೆಸಿಬೆಲ್ ಅಷ್ಟೇ.

ಹಂತ 5: ಹಾಕಿಕೊಳ್ಳುವುದನ್ನು ಮನೆಯಲ್ಲೇ ಕಲಿಯಿರಿ

ಈ ಹಂತ ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ಶೋನ ಗೇಟಿನಲ್ಲಿ ನಿಂತು ಮೊದಲ ಸಲ ಹಾಕಿಕೊಳ್ಳಬೇಡಿ.

ಫೋಮ್ ಪ್ಲಗ್‌ಗೆ ಮೊದಲು ಕೈ ತೊಳೆಯಿರಿ. ಎರಡು ಬೆರಳ ನಡುವೆ ಇಟ್ಟು, ದೀಪಕ್ಕೆ ಬತ್ತಿ ಹೊಸೆದ ಹಾಗೆ ಹೊಸೆಯಿರಿ. ತೆಳ್ಳಗೆ, ಸುಕ್ಕಿಲ್ಲದೆ ಬರಬೇಕು. ಸುಕ್ಕಿದ್ದರೆ ಆ ಸಂದಿನಲ್ಲೇ ಸದ್ದು ನುಗ್ಗುತ್ತದೆ. ಈಗ ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ಭಾಗ ಹಿಡಿಯಿರಿ. ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಕಿವಿಯ ಕೊಳವೆ ಸೊಟ್ಟಗಿರುತ್ತದೆ, ಹೀಗೆ ಎಳೆದರೆ ನೆಟ್ಟಗಾಗುತ್ತದೆ. ಬಲಗೈಯಿಂದ ಪ್ಲಗ್ ಒಳಗೆ ಜಾರಿಸಿ. ಬೆರಳ ತುದಿಯಿಂದ ಒತ್ತಿ ಹಿಡಿದು ಮನಸ್ಸಿನಲ್ಲಿ ಮೂವತ್ತರ ತನಕ ಎಣಿಸಿ. ಬಹಳ ಜನ ಹತ್ತಕ್ಕೇ ಕೈ ಬಿಡುತ್ತಾರೆ. ಅಷ್ಟರಲ್ಲಿ ಫೋಮ್ ಉಬ್ಬುತ್ತಾ ಹೊರಗೆ ಬಂದಿರುತ್ತದೆ.

ಕನ್ನಡಿಯಲ್ಲಿ ನೇರ ಮುಂದೆ ನೋಡಿ. ಪ್ಲಗ್ ಅರ್ಧಕ್ಕಿಂತ ಜಾಸ್ತಿ ಹೊರಗೆ ಕಾಣಿಸಿದರೆ ಕೂತಿಲ್ಲ ಎಂದು ಅರ್ಥ. ತೆಗೆದು ಮತ್ತೆ ಹಾಕಿ.

ಮ್ಯೂಸಿಕ್ ಪ್ಲಗ್ ಹೊಸೆಯುವಂತಿಲ್ಲ. ಕಿವಿಯನ್ನು ಅದೇ ರೀತಿ ಎಳೆದು, ಪ್ಲಗ್ಗನ್ನು ಸ್ವಲ್ಪ ತಿರುಗಿಸುತ್ತಾ ಮೆಲ್ಲಗೆ ಒಳಗೆ ಬಿಡಿ. ತುದಿ ಸ್ವಲ್ಪ ಒದ್ದೆ ಇದ್ದರೆ ಸುಲಭ. ಪ್ಯಾಕೆಟ್‌ನಲ್ಲಿ ಎರಡು ಮೂರು ಅಳತೆಯ ತುದಿಗಳಿದ್ದರೆ ಎಲ್ಲವನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಆಗುವುದು ಮಾಮೂಲು.

ಕೂತಿದೆಯೇ ಎಂದು ತಿಳಿಯಲು ಟಿವಿಯನ್ನೋ ಮಿಕ್ಸಿಯನ್ನೋ ಹಾಕಿ. ಎರಡೂ ಅಂಗೈಗಳಿಂದ ಕಿವಿಗಳನ್ನು ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗಲೂ ತೆಗೆದಾಗಲೂ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲವೇ? ಸರಿಯಾಗಿದೆ. ಮುಚ್ಚಿದ ಕೂಡಲೇ ಸದ್ದು ತಟ್ಟನೆ ಇಳಿದರೆ ಪ್ಲಗ್ ಸೋರುತ್ತಿದೆ. ಎರಡನೇ ಗುರುತು ನಿಮ್ಮ ದನಿ. ಮಾತಾಡಿದರೆ ತಲೆಯೊಳಗೆ ಗುಂಗುಡಬೇಕು. ಒಂದೇ ಕಿವಿಯಲ್ಲಿ ಗುಂಗುಟ್ಟಿದರೆ ಇನ್ನೊಂದು ಸರಿಯಾಗಿ ಕೂತಿಲ್ಲ.

ಕಿವಿ ಸೋರುತ್ತಿರುವವರು, ಕಿವಿ ತಮಟೆಯಲ್ಲಿ ತೂತಿರುವವರು, ಕಿವಿ ನೋವಿರುವವರು ಪ್ಲಗ್ ತುರುಕಬಾರದು. ಗುಗ್ಗೆ ಗಟ್ಟಿಯಾಗಿದ್ದರೆ ಪ್ಲಗ್ ಅದನ್ನು ಇನ್ನೂ ಒಳಗೆ ತಳ್ಳುತ್ತದೆ. ಇಂಥವರು ಮೊದಲು ಇಎನ್‌ಟಿ ಡಾಕ್ಟರನ್ನು ನೋಡಿ. ಅಲ್ಲಿಯವರೆಗೆ ಇಯರ್‌ಮಫ್ ನಡೆಯುತ್ತದೆ. ಕನ್ನಡಕ ಇದ್ದರೆ ಅದರ ಕಡ್ಡಿಯ ಪಕ್ಕದ ಸಂದಿನಲ್ಲಿ ಮಫ್ ಸ್ವಲ್ಪ ಸೋರುತ್ತದೆ ಎಂಬುದು ನೆನಪಿರಲಿ.

ಹಂತ 6: ಶೋನಲ್ಲಿ

ಸದ್ದು ಶುರುವಾಗುವ ಮೊದಲೇ ಹಾಕಿ. ಜೋರು ಸದ್ದು ಕೇಳಿದ ಮೇಲೆ ಹಾಕಿದರೆ ಎಲ್ಲ ಮಂಕು ಅನ್ನಿಸುತ್ತದೆ. ಮೊದಲೇ ಹಾಕಿದ್ದರೆ ಒಂದೆರಡು ಹಾಡಿನೊಳಗೆ ಕಿವಿ ಒಗ್ಗುತ್ತದೆ.

ಇನ್ನು ತೆಗೆಯುವ ಮಾತು. 30 ಡೆಸಿಬೆಲ್ ತಡೆಯುವ ಪ್ಲಗ್ ಇದೆ ಎಂದುಕೊಳ್ಳಿ. 3 ತಾಸಿನ ಶೋನಲ್ಲಿ ಅರ್ಧ ಹೊತ್ತು ಹಾಕಿದಿರಿ, ಅರ್ಧ ಹೊತ್ತು ತೆಗೆದಿರಿ. ಸಿಕ್ಕ ರಕ್ಷಣೆ 15 ಅಲ್ಲ, 3 ಡೆಸಿಬೆಲ್. ಬರೀ 18 ನಿಮಿಷ ತೆಗೆದಿದ್ದರೂ 30ರ ಪ್ಲಗ್ 10ಕ್ಕೆ ಇಳಿಯುತ್ತದೆ. ತೆಗೆದಿಟ್ಟ ಆ ಸ್ವಲ್ಪ ಹೊತ್ತಿನಲ್ಲೇ ಕಿವಿಗೆ ಹೊಡೆತವೆಲ್ಲ ಬಿದ್ದುಬಿಡುತ್ತದೆ. ಅದೇ ಜಾಗದಲ್ಲಿ 13ರ ಸಾಧಾರಣ ಮ್ಯೂಸಿಕ್ ಪ್ಲಗ್ಗನ್ನು ಪೂರ್ತಿ ಹೊತ್ತು ಇಟ್ಟುಕೊಂಡವರು ನಿಮಗಿಂತ ಚೆನ್ನಾಗಿ ಕಿವಿ ಉಳಿಸಿಕೊಂಡಿರುತ್ತಾರೆ.

ಪಕ್ಕದವರ ಜೊತೆ ಮಾತಾಡಲು ಪ್ಲಗ್ ತೆಗೆಯಬೇಕಾಗಿಲ್ಲ. ಸಂಗೀತವೂ ಮಾತೂ ಒಟ್ಟಿಗೆ ಇಳಿಯುವುದರಿಂದ ಹಾಕಿಕೊಂಡೇ ಮಾತು ಕೇಳಿಸುತ್ತದೆ. ಕಿವಿಗೆ ಬಾಯಿಟ್ಟು ಕೂಗುವುದಂತೂ ಬೇಡವೇ ಬೇಡ. ತುಂಬಾ ಮಾತಿದ್ದರೆ ಹೊರಗೆ ಬಂದು ಮಾತಾಡಿ, ಕಿವಿಗೂ ಬಿಡುವು ಸಿಗುತ್ತದೆ. ಹಾಗೆಯೇ ಒಂದೆರಡು ಜೊತೆ ಫೋಮ್ ಜಾಸ್ತಿ ಇಟ್ಟುಕೊಳ್ಳಿ. ನಿಮ್ಮದು ಕಳೆದುಹೋದರೆ ಬೇಕಾಗುತ್ತದೆ. ತರದೆ ಬಂದ ಗೆಳೆಯರಿಗೂ ಆಗುತ್ತದೆ.

ಮಕ್ಕಳಿದ್ದರೆ

ಕೈಗೂಸುಗಳನ್ನು ದಯವಿಟ್ಟು ಕರೆದೊಯ್ಯಬೇಡಿ. ನನಗೆ ಬಹಳ ಸಂಕಟವಾಗುವ ವಿಷಯ ಇದು. ಕಿವಿ ನೋಯುತ್ತಿದೆ ಎಂದು ಹೇಳಲು ಅವಕ್ಕೆ ಬರುವುದಿಲ್ಲ. ಆ ಗದ್ದಲದಲ್ಲಿ ಅತ್ತರೂ ನಮಗೆ ಕೇಳಿಸುವುದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇಯರ್‌ಮಫ್ ಒಳ್ಳೆಯದು. ಸಣ್ಣ ಪ್ಲಗ್ಗನ್ನು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮಫ್ ಹಾಕಿದೆಯೋ ಇಲ್ಲವೋ ಎಂಬುದೂ ದೂರದಿಂದಲೇ ಕಾಣುತ್ತದೆ. 3ಎಂ ಪೆಲ್ಟರ್ ಕಿಡ್‌ನಂತೆ ಮಕ್ಕಳ ತಲೆಗೆಂದೇ ಮಾಡಿದ್ದನ್ನು ಕೊಳ್ಳಿ. ದೊಡ್ಡವರ ಮಫ್ ಜಾರುತ್ತದೆ. ಕೊಂಡ ದಿನವೇ ಶೋಗೆ ಒಯ್ಯಬೇಡಿ, ನಾಲ್ಕು ದಿನ ಮನೆಯಲ್ಲಿ ಹಾಕಿಕೊಂಡು ಆಡಲಿ.

ಮೆರವಣಿಗೆ ಕಾಣಲಿ ಎಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತೇವೆ. ಆಗ ಮಗುವಿನ ಕಿವಿ ಲಾರಿ ಮೇಲಿನ ಸ್ಪೀಕರಿನ ಮಟ್ಟಕ್ಕೇ ಬಂದಿರುತ್ತದೆ. ಡಿಜೆ ಗಾಡಿ ದಾಟುವ ತನಕ ಅಡ್ಡರಸ್ತೆಗೆ ಹೋಗಿ ನಿಲ್ಲಿ.

ಪೆಂಡಾಲ್ ಹುಡುಗರಿಗೆ, ಆರ್ಕೆಸ್ಟ್ರಾದವರಿಗೆ

ಪ್ರೇಕ್ಷಕರು ಒಂದು ರಾತ್ರಿ ಕೇಳುತ್ತಾರೆ. ನೀವು ಹಬ್ಬದ ಸೀಜನ್ ಪೂರ್ತಿ ಕೇಳುತ್ತೀರಿ. ಜೋರು ಸದ್ದಿನ ಪೆಟ್ಟು ಮೊದಲು ಕಾಣಿಸುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಸುತ್ತಮುತ್ತಲಿನ ಮೇಲಿನ ಸ್ವರಗಳಲ್ಲಿ. ಮಾತು ಕೇಳುತ್ತಿರುತ್ತದೆ, ಆದರೆ ಗಲಾಟೆಯ ನಡುವೆ ಅರ್ಥವಾಗುವುದಿಲ್ಲ. ಹಾಗಾಗಿ ಬಹಳ ದಿನ ಗೊತ್ತೇ ಆಗುವುದಿಲ್ಲ. ಎಸಿ/ಡಿಸಿ ಎಂಬ ರಾಕ್ ತಂಡದ ಹಾಡುಗಾರ ಬ್ರಿಯಾನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೆ ಪ್ರವಾಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಕೋಲ್ಡ್‌ಪ್ಲೇ ತಂಡದ ಹಾಡುಗಾರ ಕ್ರಿಸ್ ಮಾರ್ಟಿನ್ ಕಿವಿ ಗುಂಯ್‌ಗುಡುವ ತೊಂದರೆಯನ್ನು ತಾವೇ ಹೇಳಿಕೊಂಡಿದ್ದಾರೆ. ನಮ್ಮ ಅಲ್ಕಾ ಯಾಗ್ನಿಕ್ 2024ರಲ್ಲಿ ತಮಗೆ ಕಿವಿ ಕೇಳಿಸುತ್ತಿಲ್ಲ ಎಂದು ತಿಳಿಸಿದರು. ಅವರಿಗೆ ಬಂದದ್ದು ವೈರಸ್‌ನಿಂದ. ಆದರೂ ಆ ಹೊತ್ತಿನಲ್ಲೇ ಜೋರು ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಅಭಿಮಾನಿಗಳಿಗೂ ಕಿರಿಯ ಕಲಾವಿದರಿಗೂ ಎಚ್ಚರಿಕೆ ಹೇಳಿದರು.

ಸೌಂಡ್ ಸಿಸ್ಟಂ ಬಳಿ ಕೆಲಸ ಮಾಡುವ ಹುಡುಗರಿಗೆಲ್ಲ ಒಂದು ಡಬ್ಬಿ ಫೋಮ್ ತಂದಿಡಿ. ಹಬ್ಬದ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ 15 ದಿನ ಮೀರದಂತೆ ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಸರ್ಕಾರ ಅನುಮತಿ ಕೊಡಬಹುದು. ಜಾಗದ ಗಡಿಯಲ್ಲಿ ಸದ್ದು 75 ಡೆಸಿಬೆಲ್ ದಾಟಬಾರದು ಎಂದೂ ಇದೆ. ಈ 75 ಅಕ್ಕಪಕ್ಕದ ಮನೆಯವರಿಗಾಗಿ ಹಾಕಿದ್ದು. ಸ್ಪೀಕರ್ ಮುಂದೆ ನಿಂತವರ ಕಿವಿಗೆ ಎಷ್ಟು ಬೀಳಬಹುದು ಎಂದು ಅದು ಹೇಳುವುದಿಲ್ಲ. ಅನುಮತಿ ಸಿಕ್ಕಿದೆ ಎಂದರೆ ಕಿವಿಗೆ ಅಪಾಯವಿಲ್ಲ ಎಂದಲ್ಲ.

ಮನೆಗೆ ಬಂದ ಮೇಲೆ

ಸಿಲಿಕೋನ್ ತುದಿಯನ್ನು ಫಿಲ್ಟರ್‌ನಿಂದ ಬಿಡಿಸಿ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಫಿಲ್ಟರ್‌ಗೆ ನೀರು ತಾಗಬಾರದು. ಫೋಮ್ ಕೊಳೆಯಾಗಿದ್ದರೆ, ಒತ್ತಿದ ಮೇಲೆ ಸರಿಯಾಗಿ ಉಬ್ಬದಿದ್ದರೆ ಬಿಸಾಡಿ. ಮರುದಿನ ಕಿವಿಗೆ ಬಿಡುವು ಕೊಡಿ, ಹೆಡ್‌ಫೋನ್ ಬೇಡ.

ಗುಂಯ್ ಸದ್ದು ಒಂದೆರಡು ದಿನ ಕಳೆದರೂ ಹೋಗದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಒಂದೆರಡು ದಿನವೂ ಕಾಯಬೇಡಿ, ಅದೇ ದಿನ ಹೋಗಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಜಾಸ್ತಿ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಒಳಕಿವಿಯ ಪೆಟ್ಟಿಗೆ ಎಣ್ಣೆ ತಲುಪುವುದೇ ಇಲ್ಲ. ಕಿವಿ ತಮಟೆಯಲ್ಲಿ ತೂತಿದ್ದರೆ ಅದರಿಂದ ಕೇಡೇ ಜಾಸ್ತಿ.

ಮೇಲಿಂದ ಮೇಲೆ ಶೋಗಳಿಗೆ ಹೋಗುವವರು ಕಿವಿ ಚೆನ್ನಾಗಿರುವಾಗಲೇ ಒಮ್ಮೆ ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿಟ್ಟುಕೊಳ್ಳಿ. ಮುಂದೆ ಏನಾದರೂ ಬದಲಾವಣೆಯಾದರೆ ಹೋಲಿಸಿ ನೋಡಲು ಆಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನವರಿಗೆ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ಊರಿನವರು ಹತ್ತಿರದ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಮಾತ್ರ ಯಾವ ಶೋಗೂ ಹೋಗಬೇಡಿ. ಕಿವಿ ಮಂದವಾಗಿದ್ದರೆ ಫಲಿತಾಂಶ ತಪ್ಪು ಬರುತ್ತದೆ.